ಹದಿನಾಲ್ಕು ಗುಳಿಗಳ ಲೆಕ್ಕ: ಮನೆಯ ಮರಗೆಲಸದ ಶೆಡ್ಡಿಗೆ ಸಿಎನ್‌ಸಿ ಬಂದ ಬಗೆ

ಅಳಗುಳಿ ಮಣೆಗೆ ಹದಿನಾಲ್ಕು ಗುಳಿ. ನಾನು ಮಾಡುವ ಮಣೆಯಲ್ಲಿ ಒಂದೊಂದು ಗುಳಿಯೂ 60 ಮಿಲಿಮೀಟರ್ ಅಗಲ, 18 ಮಿಲಿಮೀಟರ್ ಆಳ. ಹಲಸಿನ ಹಲಗೆಯಲ್ಲಿ ದುಂಡು ಉಳಿ ಹಿಡಿದು ಅಷ್ಟನ್ನೂ ತೋಡಿ ನುಣುಪು ಮಾಡಲು ಎರಡು ಭಾನುವಾರ, ಅಂದರೆ ಸುಮಾರು ಹನ್ನೆರಡು ಗಂಟೆ ಹಿಡಿಯುತ್ತಿತ್ತು. ಮೊದಲ ಗುಳಿಯಲ್ಲಿದ್ದ ಶ್ರದ್ಧೆ ಹನ್ನೊಂದನೆಯದರ ಹೊತ್ತಿಗೆ ಸೋರಿಹೋಗಿರುತ್ತಿತ್ತು. ಮಣೆಯನ್ನು ಎಡದಿಂದ ಬಲಕ್ಕೆ ನೋಡಿದರೆ ನನ್ನ ಬೆನ್ನುನೋವಿನ ಚರಿತ್ರೆಯೇ ಕಾಣುತ್ತಿತ್ತು. ಒಂದು ಮದುವೆಗೆ ಉಡುಗೊರೆಯಾಗಿ ಕೊಟ್ಟ ಮಣೆಯನ್ನು ನೋಡಿ ನೆಂಟರು ಇನ್ನೂ ಆರು ಬೇಕೆಂದಾಗ ನಾನು ಮೊದಲ ಬಾರಿಗೆ, ಕಂಪ್ಯೂಟರ್ ಹೇಳಿದ ದಾರಿಯಲ್ಲಿ ತಾನೇ ಕೆತ್ತುವ ಸಿಎನ್‌ಸಿ ಯಂತ್ರದ ಬೆಲೆ ವಿಚಾರಿಸಿದೆ.

ನಾನಿರುವುದು ಮೈಸೂರಿನಲ್ಲಿ. ಹೊಟ್ಟೆಪಾಡಿಗೆ ಬ್ಯಾಂಕ್ ಕೆಲಸ, ಮನೆಯ ಹಿಂದೆ 10 ಅಡಿಗೆ 14 ಅಡಿಯ ತಗಡಿನ ಶೆಡ್, ಅದರೊಳಗೆ ಮರಗೆಲಸದ ಹುಚ್ಚು. ಅಲ್ಲಿಗೆ ಸಿಎನ್‌ಸಿ ಬಂದು ನಿಲ್ಲುವವರೆಗೆ ಏನೇನಾಯಿತು, ಎಷ್ಟು ಖರ್ಚಾಯಿತು, ಎಲ್ಲಿ ಎಡವಿದೆ ಎಂಬುದನ್ನು ನೆನಪು ಮಾಸುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲ ಯಂತ್ರ

ಎಲ್ಲರೂ ಕೊಳ್ಳುವುದನ್ನೇ ನಾನೂ ಕೊಂಡೆ: 3018. ಹೆಸರಿನಲ್ಲೇ ಅಳತೆ ಇದೆ, 300 ಮಿಮೀಗೆ 180 ಮಿಮೀ ಕೆಲಸದ ಜಾಗ. ಸಣ್ಣ ಅಲ್ಯೂಮಿನಿಯಂ ಕಂಬಿಗಳು, ನೀಮಾ 17 ಅಳತೆಯ ಮೂರು ಸ್ಟೆಪ್ಪರ್ ಮೋಟಾರು (ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಿರುಗುವಂಥವು), 8 ಮಿಮೀ ದಪ್ಪದ ತಿರುಪು ಸರಳುಗಳು, ಬಿಟ್ (ತಿರುಗುತ್ತಾ ಮರ ಕತ್ತರಿಸುವ ಅಲಗು) ತಿರುಗಿಸಲು 775 ಎಂಬ ಪುಟ್ಟ ಡಿಸಿ ಮೋಟಾರು. 17,500 ರೂಪಾಯಿಗೆ ಪೆಟ್ಟಿಗೆ ಮನೆಗೆ ಬಂತು. ಒಂದು ಸಂಜೆಯಲ್ಲಿ ಜೋಡಿಸಿದೆ. ಮಗಳ ಹೆಸರನ್ನು ಒಂದು ತೇಗದ ಚೂರಿನ ಮೇಲೆ ಕೆತ್ತಿತು. ಮನೆಯವರೆಲ್ಲ ನಿಂತು ನೋಡಿದೆವು.

ನನ್ನ ಮಣೆ 560 ಮಿಮೀ ಉದ್ದ. ಹಲಗೆಯನ್ನು ಅರ್ಧ ಕೆತ್ತಿ, ಜರುಗಿಸಿ, ಗೂಟಗಳಿಗೆ ತಾಗಿಸಿ ಮತ್ತೆ ಕೂರಿಸಿದರೆ ಉದ್ದದ ತೊಡಕು ತೀರುತ್ತದೆ ಎಂದು ಯೋಚಿಸಿದ್ದೆ. ಆ ಉಪಾಯ ತಪ್ಪೇನಲ್ಲ. ನಾನು ಮಾಡದೆ ಬಿಟ್ಟಿದ್ದು ಬೇರೊಂದು ಲೆಕ್ಕ, ಕೊಳ್ಳುವ ಮುಂಚೆ ಕಾಗದದ ಮೇಲೆ ಐದು ನಿಮಿಷದಲ್ಲಿ ಮಾಡಬಹುದಾಗಿದ್ದ ಲೆಕ್ಕ.

ಒಂದು ಗುಳಿಯಿಂದ ತೆಗೆಯಬೇಕಾದ ಮರ ಸುಮಾರು 28,500 ಘನ ಮಿಲಿಮೀಟರ್. ಹದಿನಾಲ್ಕಕ್ಕೆ 3,99,000. ಹಲಸಿನಲ್ಲಿ 3018 ಅಳುಕದೆ ಮಾಡುತ್ತಿದ್ದ ಕೆಲಸವೆಂದರೆ 3.175 ಮಿಮೀ ಬಿಟ್ಟಿನಲ್ಲಿ 0.5 ಮಿಮೀ ಆಳ, 1.2 ಮಿಮೀ ಪಕ್ಕದ ಹೆಜ್ಜೆ (ಒಂದು ಗೆರೆಯಿಂದ ಮುಂದಿನ ಗೆರೆಗೆ ಸರಿಯುವ ದೂರ), ನಿಮಿಷಕ್ಕೆ 600 ಮಿಮೀ ಓಟ. ಮೂರನ್ನೂ ಗುಣಿಸಿದರೆ ನಿಮಿಷಕ್ಕೆ 360 ಘನ ಮಿಲಿಮೀಟರ್. ಭಾಗಿಸಿ ನೋಡಿ: ಒಂದು ಮಣೆಗೆ ಹದಿನೆಂಟೂವರೆ ಗಂಟೆ. ಅದೂ ಒರಟು ಕೆಲಸಕ್ಕೆ ಮಾತ್ರ. ನುಣುಪಿನ ಸುತ್ತು ಇನ್ನೂ ಬಾಕಿ.

"ಕೈಯಲ್ಲಿ ಹನ್ನೆರಡು ಗಂಟೆ, ಯಂತ್ರದಲ್ಲಿ ಹದಿನೆಂಟು. ಹಾಗಾದರೆ ಇದನ್ನು ತಂದದ್ದು ಯಾಕೆ?" ಎಂದು ಹೆಂಡತಿ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಆಳ ಹೆಚ್ಚಿಸಿ ನೋಡಿದೆ. 1 ಮಿಮೀಗೆ ಇಳಿಸಿದ ಕೂಡಲೇ ಬಿಟ್ ಅದುರಿತು, ಗುಳಿಯ ಅಂಚು ಗರಗಸದ ಹಲ್ಲಿನಂತಾಯಿತು, ಮೋಟಾರು ಒಂದೆರಡು ಹೆಜ್ಜೆ ತಪ್ಪಿತು. ಇಂಥ ಯಂತ್ರದಲ್ಲಿ ಮೋಟಾರು ಎಲ್ಲಿದೆ ಎಂದು ಹಿಂದಿರುಗಿ ಹೇಳುವ ವ್ಯವಸ್ಥೆ ಇರುವುದಿಲ್ಲ. ಒಮ್ಮೆ ಹೆಜ್ಜೆ ತಪ್ಪಿದರೆ ಅಲ್ಲಿಂದ ಮುಂದೆ ಎಲ್ಲವೂ ಅಷ್ಟೇ ಅಂತರಕ್ಕೆ ಪಕ್ಕದಲ್ಲಿ ಕೆತ್ತಲ್ಪಡುತ್ತದೆ, ಯಂತ್ರಕ್ಕೆ ಅದರ ಅರಿವೇ ಇರುವುದಿಲ್ಲ.

ತೊಂದರೆಯ ಮೂಲ ಶಕ್ತಿಯ ಕೊರತೆಯಲ್ಲ, ಬಾಗುವಿಕೆ. ಬಿಟ್ಟಿನ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಅಷ್ಟೇ ಉದ್ದ ಹೊರಚಾಚಿದ 6 ಮಿಮೀ ಬಿಟ್, 3.175 ಮಿಮೀ ಬಿಟ್ಟಿಗಿಂತ ಹನ್ನೆರಡು ಪಟ್ಟಿಗೂ ಹೆಚ್ಚು ಬಿಗುವಾಗಿರುತ್ತದೆ. ಎರಡು ತುದಿಗಳ ಮೇಲೆ ಕೂತ ಅಡ್ಡತೊಲೆಯಾದರೆ ಬಾಗುವಿಕೆ ಉದ್ದದ ಮೂರನೆಯ ಘಾತದಂತೆ ಹೆಚ್ಚುತ್ತದೆ: ಉದ್ದ ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು. ಮಾರುವವರು ಮೇಜಿನ ಅಳತೆಯನ್ನು ದಪ್ಪಕ್ಷರದಲ್ಲಿ ಬರೆಯುತ್ತಾರೆ. ಆ ಮೇಜಿನ ಮೇಲೆ ನಿಮಿಷಕ್ಕೆ ಎಷ್ಟು ಹಲಸನ್ನು ತೆಗೆಯಬಲ್ಲದು ಎಂದು ಯಾರೂ ಬರೆಯುವುದಿಲ್ಲ.

3018 ಕೆಟ್ಟ ಯಂತ್ರವೇನಲ್ಲ. ಸರ್ಕ್ಯೂಟ್ ಬೋರ್ಡ್ ಕೆತ್ತಲು, ಸಣ್ಣ ಹೆಸರುಪಟ್ಟಿಗೆ ಅದು ಸಾಕು. ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನಿಗೆ 9,000 ರೂಪಾಯಿಗೆ ಕೊಟ್ಟೆ. ಅವನು ಸಂತೋಷವಾಗಿದ್ದಾನೆ.

ಕೊಳ್ಳುವುದೋ, ಕಟ್ಟುವುದೋ, ಹೊರಗೆ ಮಾಡಿಸುವುದೋ

ಎರಡನೆಯ ಸಲ ಅವಸರ ಮಾಡಲಿಲ್ಲ. ಮುಂದಿದ್ದ ದಾರಿಗಳನ್ನು ಒಂದೊಂದಾಗಿ ನೋಡಿದೆ.

ಅಮೆರಿಕದ ಹವ್ಯಾಸಿಗಳಲ್ಲಿ ಹೆಸರುಮಾಡಿದ ಶೇಪೋಕೊದಂಥ ಯಂತ್ರಗಳು ಚೆನ್ನಾಗಿವೆ, ಆದರೆ ಡಾಲರ್ ಬೆಲೆಯ ಮೇಲೆ ಸಾಗಣೆ, ಅದರ ಮೇಲೆ ಸುಂಕ, ತೆರಿಗೆ. ಅಲ್ಲಿಗೆ ಬಿಟ್ಟೆ. ತ್ರಿಡಿ ಮುದ್ರಿತ ಬಿಡಿಭಾಗಗಳನ್ನೂ ಪೈಪುಗಳನ್ನೂ ಸೇರಿಸಿ ಕಟ್ಟುವ ಎಂಪಿಸಿಎನ್‌ಸಿ ಎಂಬ ವಿನ್ಯಾಸ ಬಹಳ ಅಗ್ಗ, ಬುದ್ಧಿವಂತಿಕೆಯದು ಕೂಡ. ಆದರೆ ಬಾಗುವಿಕೆಯಿಂದ ಸುಟ್ಟುಕೊಂಡವನಿಗೆ ಪ್ಲಾಸ್ಟಿಕ್ ಮೂಲೆಗಳ ಮೇಲೆ ನಂಬಿಕೆ ಬರಲಿಲ್ಲ. ಬಾಗಿಲು ಕೆತ್ತುವ ಅಂಗಡಿಗಳಲ್ಲಿ ಇರುವಂಥ 1325, ಅಂದರೆ 1300 ಮಿಮೀಗೆ 2500 ಮಿಮೀ ಯಂತ್ರ, ನನ್ನ ಶೆಡ್ಡಿನ ಬಾಗಿಲಲ್ಲೇ ತೂರುವುದಿಲ್ಲ.

ಉಳಿದವು ಮೂರು. ಸಿದ್ಧ ಯಂತ್ರ: ನನಗೆ ಬೇಕಾದ ಅಳತೆಯದ್ದಕ್ಕೆ ತಯಾರಕರೊಬ್ಬರು 1,65,000 ರೂಪಾಯಿ ಹೇಳಿದರು, ಶೇಕಡಾ 18 ಜಿಎಸ್‌ಟಿ ಸೇರಿ 1,94,700. ಸ್ವಂತ ಕಟ್ಟೋಣ: ನನ್ನ ಅಂದಾಜು ಒಂದು ಲಕ್ಷ. ಮೂರನೆಯದು ಜಾಬ್ ವರ್ಕ್. ಊರಾಚೆಯ ಕೆತ್ತನೆ ಅಂಗಡಿಯೊಂದರಲ್ಲಿ ಗಂಟೆಗೆ 350 ರೂಪಾಯಿ. ಅಲ್ಲಿ ಎರಡು ಮಣೆ ಮಾಡಿಸಿದೆ, ಒಂದಕ್ಕೆ ಒಂದೂವರೆ ಗಂಟೆ, 525 ರೂಪಾಯಿ. ಲೆಕ್ಕದಲ್ಲಿ ಗೆದ್ದದ್ದು ಇದೇ, ಅದರಲ್ಲಿ ಅನುಮಾನವೇ ಇಲ್ಲ. ಆರು ಮಣೆಗಾಗಿ ಯಾರೂ ಯಂತ್ರ ಕಟ್ಟಬೇಕಾಗಿಲ್ಲ.

ಆದರೂ ಕಟ್ಟಿದೆ. ಅದಕ್ಕೆ ಕಾರಣ ಆಸೆ. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ. ಜಾಬ್ ವರ್ಕಿಗೆ ಹೋದದ್ದರಿಂದ ಒಂದು ಲಾಭವಂತೂ ಆಯಿತು: ನನ್ನ ಕೆಲಸಕ್ಕೆ ನಿಜವಾಗಿ ಎಷ್ಟು ಅಗಲ, ಎಷ್ಟು ಉದ್ದ, ಎಷ್ಟು ಎತ್ತರ ಬೇಕು ಎಂಬುದು ಅಲ್ಲಿ ನಿಂತು ನೋಡುವಾಗ ತಿಳಿಯಿತು. 620 ಮಿಮೀ ಉದ್ದ, 420 ಮಿಮೀ ಅಗಲ, 100 ಮಿಮೀ ಎತ್ತರ, ಅದಕ್ಕಿಂತ ಒಂದು ಬೆರಳೂ ಬೇಡ. ಇನ್ನೊಂದು ವಿಷಯವೂ ಅಲ್ಲೇ ಹೊಳೆಯಿತು. ಗ್ಯಾಂಟ್ರಿ, ಅಂದರೆ ಸ್ಪಿಂಡಲನ್ನು (ಬಿಟ್ ತಿರುಗಿಸುವ ಮೋಟಾರನ್ನು) ಹೊತ್ತ ಅಡ್ಡತೊಲೆ, ಉದ್ದದ ಬದಿಗೆ ಅಲ್ಲ, ಗಿಡ್ಡ ಬದಿಗೆ ಬರಬೇಕು. ಮಣೆಯನ್ನು ಅದರ ಕೆಳಗೆ ಉದ್ದುದ್ದ ಮಲಗಿಸಬೇಕು. ಹಾಗೆ ಮಾಡಿದ್ದರಿಂದ ತೊಲೆ 800 ಮಿಮೀ ಆಗುವ ಬದಲು 600 ಮಿಮೀಗೆ ಮುಗಿಯಿತು. ಮೂರನೆಯ ಘಾತದ ಲೆಕ್ಕದಲ್ಲಿ ಬಾಗುವಿಕೆ ಅರ್ಧಕ್ಕಿಂತ ಕಡಿಮೆ. ಒಂದು ಪೈಸೆ ಖರ್ಚಿಲ್ಲದೆ ಸಿಕ್ಕ ಬಿಗುವು ಅದು.

ಚೌಕಟ್ಟು ಮತ್ತು ಎರಡು ದಾರ

ಬುಡಕ್ಕೆ 50 ಮಿಮೀ ಚೌಕದ ಕಬ್ಬಿಣದ ಪೈಪ್, ವೆಲ್ಡಿಂಗ್ ಮಾಡಿಸಿದ್ದು. ಗ್ಯಾಂಟ್ರಿಗೆ ದಪ್ಪ ಅಲ್ಯೂಮಿನಿಯಂ ಪ್ರೊಫೈಲ್. ಚಲನೆಗೆ ಲೀನಿಯರ್ ರೈಲುಗಳು, 16 ಮಿಮೀ ದಪ್ಪದ, ಒಂದು ಸುತ್ತಿಗೆ 5 ಮಿಮೀ ಸರಿಯುವ ಬಾಲ್ ಸ್ಕ್ರೂಗಳು. ನೀಮಾ 23 ಮೋಟಾರು ನಾಲ್ಕು, ಉದ್ದದ ದಿಕ್ಕಿಗೆ ಎರಡು. ಮೋಟಾರಿಗೆ ಒಂದು ಸುತ್ತಿಗೆ 200 ಹೆಜ್ಜೆ. ಮೋಟಾರನ್ನು ನಡೆಸುವ ಡ್ರೈವರ್ ಬೋರ್ಡಿನಲ್ಲಿ ಒಂದೊಂದು ಹೆಜ್ಜೆಯನ್ನೂ ಎಂಟು ಭಾಗ ಮಾಡಿದರೆ 1,600. ಐದರಿಂದ ಭಾಗಿಸಿದರೆ ಮಿಲಿಮೀಟರಿಗೆ 320. ಮಿದುಳಿಗೆ ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ಓಡುವ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ. ಇಷ್ಟನ್ನು ಯಾರು ಬೇಕಾದರೂ ತರಿಸಿ ಜೋಡಿಸಬಹುದು. ನಾನು ಬೆವರಿದ್ದು ಬೇರೆಡೆ.

ವೆಲ್ಡಿಂಗ್ ಮುಗಿಸಿ ತಂದ ಚೌಕಟ್ಟನ್ನು ನೆಲದ ಮೇಲಿಟ್ಟೆ. ರಸಮಟ್ಟ ಇಟ್ಟು ನೋಡಿದರೆ ನಾಲ್ಕೂ ಬದಿ ಸರಿ ಎನ್ನುತ್ತಿತ್ತು. ಆದರೂ ಗ್ಯಾಂಟ್ರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಾಗ ನಡುವೆ ಬಿಗಿಯುತ್ತಿತ್ತು. ಮೂರು ವಾರ ರೈಲುಗಳನ್ನು ಬಿಚ್ಚಿ ಬಿಗಿದೆ. ಕೊನೆಗೆ ಬೀದಿಯ ಕೊನೆಯ ಮನೆಯ ಆಚಾರ್ಯರನ್ನು ಕರೆದೆ. ನಲವತ್ತು ವರ್ಷ ಬಾಗಿಲು, ಕಿಟಕಿ ಮಾಡಿದವರು, ಸಿಎನ್‌ಸಿ ಎಂದರೆ ಒಂದು ಬಗೆಯ ತಿರಸ್ಕಾರ. ಅವರು ಯಂತ್ರವನ್ನು ನೋಡಲೇ ಇಲ್ಲ. "ದಾರ ಇದೆಯಾ ಸ್ವಾಮಿ?" ಎಂದರು.

ಮೂಲೆಯಿಂದ ಮೂಲೆಗೆ ಎರಡು ದಾರಗಳನ್ನು ಅಡ್ಡಡ್ಡ ಬಿಗಿದು ಕಟ್ಟಿಸಿದರು. ಚೌಕಟ್ಟು ತಿರುಚಿಲ್ಲದಿದ್ದರೆ ದಾರಗಳು ನಡುವೆ ಒಂದನ್ನೊಂದು ಸೋಕುತ್ತವೆ, ಅಷ್ಟೆ. ಒತ್ತುವುದೂ ಇಲ್ಲ, ಬಿಟ್ಟು ನಿಲ್ಲುವುದೂ ಇಲ್ಲ. ನಮ್ಮದರಲ್ಲಿ ಸುಮಾರು ಒಂದು ಮಿಲಿಮೀಟರ್ ಸಂದು. ನಡುವೆ ಒಂದು ಮಿಲಿಮೀಟರ್ ಎಂದರೆ ಯಾವುದೋ ಒಂದು ಮೂಲೆ ಎರಡು ಮಿಲಿಮೀಟರ್ ಎದ್ದಿದೆ ಎಂದು ಅರ್ಥ. ಬಾಗಿಲ ಚೌಕಟ್ಟನ್ನು ನಿಲ್ಲಿಸುವ ಮುಂಚೆ ಅವರು ಯಾವಾಗಲೂ ಮಾಡುವ ಪರೀಕ್ಷೆ ಅದು. ವೆಲ್ಡಿಂಗಿನ ಶಾಖ ಒಂದೇ ಬದಿಗೆ ಬಿದ್ದು ಕಬ್ಬಿಣ ಎಳೆದುಕೊಂಡಿತ್ತು.

ಒಂದು ಮೂಲೆಯನ್ನು ಕೊಯ್ದು, ಈ ಸಲ ಮೊದಲು ಚುಕ್ಕಿ ಚುಕ್ಕಿಯಾಗಿ ಹಿಡಿಸಿ, ಎದುರು ಬದುರು ಬದಿಗಳಲ್ಲಿ ಸರದಿಯ ಮೇಲೆ ವೆಲ್ಡ್ ಮಾಡಿಸಿದೆ. ಉಳಿದ 0.4 ಮಿಮೀ ತಿರುಚನ್ನು ರೈಲಿನ ಕೆಳಗೆ ತೆಳು ಹಿತ್ತಾಳೆ ತಗಡು ಕೊಟ್ಟು ತೆಗೆದೆ. ಮೂಲೆ ನೇರವಾಗಿದೆಯೇ ಎಂಬುದಕ್ಕೆ ಮೂರು, ನಾಲ್ಕು, ಐದರ ಹಳೆಯ ಸೂತ್ರ: 300 ಮತ್ತು 400 ಮಿಮೀ ಬದಿಗಳ ಆಯತವನ್ನು ಬಿಟ್ಟಿನಿಂದಲೇ ಗೀರಿಸಿ ಕರ್ಣ ಅಳೆದೆ. 500ಕ್ಕೆ 0.3 ಮಿಮೀ ಹೆಚ್ಚು ಬಂತು. ಎರಡು ಉದ್ದದ ಮೋಟಾರುಗಳಲ್ಲಿ ಒಂದನ್ನು ಬಿಡಿಸಿ ಸ್ವಲ್ಪ ತಿರುಗಿಸಿ ಮತ್ತೆ ಜೋಡಿಸಿದೆ. ಕೊನೆಗೆ ಮೇಜಿನ ಮೇಲೆ 18 ಮಿಮೀ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಸಿ, ಆ ಹಾಸನ್ನು ಯಂತ್ರದಿಂದಲೇ ಸವರಿಸಿದೆ. ಆಮೇಲೆ ಮೇಜು ಎಷ್ಟು ಓರೆಯಿದ್ದರೂ ಚಿಂತೆಯಿಲ್ಲ, ಏಕೆಂದರೆ ಬಿಟ್ ಯಾವ ಸಮತಲದಲ್ಲಿ ಓಡುತ್ತದೋ ಹಾಸೂ ಅದೇ ಸಮತಲ. ಮಳೆಗಾಲದಲ್ಲಿ ಎಂಡಿಎಫ್ ಉಬ್ಬುತ್ತದೆ, ಜುಲೈನಲ್ಲಿ ಇನ್ನೊಮ್ಮೆ ಸವರಬೇಕು.

ಒಂಬತ್ತನೆಯ ಗುಳಿಯಲ್ಲಿ ನಿಂತದ್ದು

ಮೊದಲ ಪೂರ್ತಿ ಮಣೆಯ ದಿನ. ಎಂಟು ಗುಳಿ ಅಂದವಾಗಿ ಬಂದವು. ಒಂಬತ್ತನೆಯದರ ನಡುವೆ ಯಂತ್ರ ಧಡಕ್ಕನೆ ನಿಂತು ತೆರೆಯ ಮೇಲೆ ಅಲಾರಂ 1 ಎಂದು ತೋರಿಸಿತು. ಅಂದರೆ ಗ್ಯಾಂಟ್ರಿ ಅಂಚಿನ ಸ್ವಿಚ್ಚಿಗೆ ಬಡಿದಿದೆ ಎಂದು ಅರ್ಥ. ಗ್ಯಾಂಟ್ರಿ ಇದ್ದದ್ದು ಮೇಜಿನ ನಟ್ಟನಡುವೆ!

ಮತ್ತೆ ಶುರುಮಾಡಿದೆ, ಮತ್ತೆ ಎಲ್ಲೋ ನಿಂತಿತು. ಸ್ಪಿಂಡಲ್ ಆರಿಸಿ ಗಾಳಿಯಲ್ಲಿ ಓಡಿಸಿದರೆ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಅಲ್ಲಿಗೆ ಕಳ್ಳ ಯಾರೆಂದು ತಿಳಿಯಿತು. 1.5 ಕಿಲೋವ್ಯಾಟ್ ಸ್ಪಿಂಡಲ್ಲಿಗೆ ವಿದ್ಯುತ್ ಕೊಡುವುದು ವಿಎಫ್‌ಡಿ. ಮನೆಯ 50 ಹರ್ಟ್ಸ್ ವಿದ್ಯುತ್ತನ್ನು ಅದು 400 ಹರ್ಟ್ಸ್‌ವರೆಗೆ ಏರಿಸುತ್ತದೆ. 400ರಲ್ಲಿ ಸ್ಪಿಂಡಲ್ ನಿಮಿಷಕ್ಕೆ 24,000 ಸುತ್ತು. ಆ ಪೆಟ್ಟಿಗೆಯೊಳಗಿನ ವೇಗದ ಸ್ವಿಚಿಂಗ್ ಸುತ್ತಲಿನ ತಂತಿಗಳಲ್ಲೆಲ್ಲ ಗದ್ದಲ ಎಬ್ಬಿಸುತ್ತದೆ. ನಾನು ಅಂಚಿನ ಸ್ವಿಚ್ಚಿನ ಸಪೂರ ತಂತಿಯನ್ನು ಸ್ಪಿಂಡಲಿನ ದಪ್ಪ ತಂತಿಯ ಜೊತೆಗೇ ತಂತಿ ಹೊರುವ ಒಂದೇ ಸರಪಳಿಯಲ್ಲಿ ಓಡಿಸಿದ್ದೆ. ಗದ್ದಲವನ್ನೇ ಆರ್ಡುಯಿನೊ ಸ್ವಿಚ್ಚಿನ ಸದ್ದು ಎಂದು ನಂಬಿತ್ತು.

ಸ್ಪಿಂಡಲಿಗೆ ಲೋಹದ ಜಾಲರಿ ಹೊದಿಸಿದ ತಂತಿ ಹಾಕಿ ಜಾಲರಿಯನ್ನು ಅರ್ತಿಂಗಿಗೆ ಸೇರಿಸಿದೆ. ಸ್ವಿಚ್ಚಿನ ತಂತಿಗಳನ್ನು ಬೇರೆ ದಾರಿಯಲ್ಲಿ ಒಯ್ದು, ಅವುಗಳಿಗೂ ಆರ್ಡುಯಿನೊಗೂ ನಡುವೆ ಆಪ್ಟೊಕಪ್ಲರ್ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಇಟ್ಟೆ. ಅಲಾರಂ ಕಡಿಮೆಯಾಯಿತು, ನಿಲ್ಲಲಿಲ್ಲ. ಮಲ್ಟಿಮೀಟರ್ ಹಿಡಿದು ಮನೆಯ ನ್ಯೂಟ್ರಲ್ಲಿಗೂ ಅರ್ತಿಂಗಿಗೂ ನಡುವೆ ನೋಡಿದರೆ 14 ವೋಲ್ಟ್. ಮನೆ ಕಟ್ಟಿದಾಗ ತೋಡಿದ ಅರ್ತಿಂಗ್ ಗುಂಡಿ ಒಣಗಿ ಕಲ್ಲಾಗಿತ್ತು. ಎಲೆಕ್ಟ್ರಿಷಿಯನ್ ಬಂದು ಹೊಸ ಗುಂಡಿ ತೋಡಿ, ಇದ್ದಿಲು, ಉಪ್ಪು ಹಾಕಿ ನೀರುಣಿಸಿದ ಮೇಲೆ ಅಲಾರಂ ಮತ್ತೆ ಬಂದಿಲ್ಲ. ಯಂತ್ರಕ್ಕಿಂತ ಮುಂಚೆ ಮಾಡಿಸಬೇಕಾಗಿದ್ದ ಕೆಲಸ, ಯಂತ್ರದ ನೆಪದಲ್ಲಿ ಆಯಿತು. ಇಷ್ಟು ವರ್ಷ ಗೀಸರ್ ಇದೇ ಅರ್ತಿಂಗ್ ಮೇಲೆ ಓಡುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕರೆಂಟು ಹೋಗುವುದು ಇನ್ನೊಂದು ಸಂಗತಿ. ಹೋದ ಕೂಡಲೇ ಯಂತ್ರ ತಾನೆಲ್ಲಿದ್ದೆ ಎಂಬುದನ್ನು ಮರೆಯುತ್ತದೆ. ಆದರೆ ಕೆಲಸದ ಸೊನ್ನೆಬಿಂದುವನ್ನು ಜಿಆರ್‌ಬಿಎಲ್ ಅಳಿಯದ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಹೋಮಿಂಗ್ ಸ್ವಿಚ್ ಹಾಕಿದ್ದರೆ, ಕರೆಂಟು ಬಂದ ಮೇಲೆ ಯಂತ್ರವನ್ನು ಮೂಲೆಗೆ ಕಳುಹಿಸಿ ಅದರ ಮನೆ ತೋರಿಸಿದರೆ ಸಾಕು, ಬಿಟ್ಟ ಸಾಲಿನಿಂದ ಮುಂದುವರಿಸಬಹುದು. 3018ರಲ್ಲಿ ಆ ಸ್ವಿಚ್ ಇರಲಿಲ್ಲ, ಎರಡು ಹಲಗೆ ಹಾಳಾಗಿದ್ದವು. ಮುನ್ನೂರು ರೂಪಾಯಿಯ ಸ್ವಿಚ್ಚುಗಳನ್ನು ಬೇಡ ಎನ್ನುವವರು ನಮ್ಮ ವಿದ್ಯುತ್ ಸರಬರಾಜನ್ನು ಮೆಚ್ಚಿಕೊಂಡವರಿರಬೇಕು.

ಬಿಟ್, ವೇಗ, ಹಿಡಿತ

ಭಯದಿಂದ ನಾನು ಮೊದಲು 24,000 ಸುತ್ತಿನಲ್ಲಿ ನಿಮಿಷಕ್ಕೆ 800 ಮಿಮೀ ಮಾತ್ರ ಓಡಿಸಿದೆ. ಗುಳಿಯ ಗೋಡೆ ಕಪ್ಪಾಯಿತು, ಶೆಡ್ಡಿನಲ್ಲಿ ಹೊಗೆಯ ವಾಸನೆ. ಎರಡು ಅಲಗಿನ ಬಿಟ್ ಆ ಲೆಕ್ಕದಲ್ಲಿ ಒಂದೊಂದು ಕಡಿತಕ್ಕೂ 0.017 ಮಿಮೀ ಮಾತ್ರ ಮುಂದೆ ಹೋಗುತ್ತದೆ. ಅದು ಕತ್ತರಿಸುವುದಲ್ಲ, ಉಜ್ಜುವುದು. ಸುತ್ತನ್ನು 16,000ಕ್ಕೆ ಇಳಿಸಿ ಓಟವನ್ನು 2,000ಕ್ಕೆ ಏರಿಸಿದೆ. ಕಡಿತ 0.06 ಮಿಮೀ ದಾಟಿತು, ಹೊಗೆ ನಿಂತಿತು, ಪುಡಿಯ ಬದಲು ಸಣ್ಣ ಚಕ್ಕೆ ಉದುರತೊಡಗಿತು.

6 ಮಿಮೀ ಬಿಟ್, 3 ಮಿಮೀ ಆಳ, 2.5 ಮಿಮೀ ಪಕ್ಕದ ಹೆಜ್ಜೆ: ನಿಮಿಷಕ್ಕೆ 15,000 ಘನ ಮಿಲಿಮೀಟರ್. ಹದಿನೆಂಟೂವರೆ ಗಂಟೆಯ ಒರಟು ಕೆಲಸ 27 ನಿಮಿಷಕ್ಕೆ ಇಳಿಯಿತು. ಆಗ ಹೊಸ ವಿಚಿತ್ರ ಕಂಡಿತು. ನುಣುಪಿನ ಸುತ್ತಿಗೆ ಗುಂಡುಮೂತಿಯ 6 ಮಿಮೀ ಬಿಟ್ ಹಾಕಿ ಅರ್ಧ ಮಿಲಿಮೀಟರ್ ಹೆಜ್ಜೆಯಲ್ಲಿ, 1,500 ಮಿಮೀ ಓಟದಲ್ಲಿ ಓಡಿಸಿದರೆ 72 ನಿಮಿಷ! ತೋಡುವುದಕ್ಕಿಂತ ನಯಗೊಳಿಸುವುದಕ್ಕೇ ಹೆಚ್ಚು ಹೊತ್ತು. ಅದೇ ಜಾಗಕ್ಕೆ 12 ಮಿಮೀ ಗುಂಡುಮೂತಿ ಹಾಕಿದರೆ ಹೆಜ್ಜೆಯನ್ನು 0.7 ಮಿಮೀಗೆ ಏರಿಸಿದರೂ ಉಳಿಯುವ ಗೆರೆಯ ಎತ್ತರ ಅಷ್ಟೇ, ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ. ಹೊತ್ತು 51 ನಿಮಿಷ. ಗಡಿಯಾರದಲ್ಲಿ ನೋಡಿದರೆ ಒಟ್ಟು ಒಂದು ಗಂಟೆ ಐವತ್ತು ನಿಮಿಷ ಆಗುತ್ತದೆ, ಏಕೆಂದರೆ ಸಣ್ಣ ಸುತ್ತುಗಳಲ್ಲಿ ಗ್ಯಾಂಟ್ರಿ ಪೂರ್ತಿ ವೇಗ ಹಿಡಿಯುವ ಮುಂಚೆಯೇ ತಿರುಗಬೇಕು.

ಒಂದು ಮಣೆ ನನ್ನ ಬೇಜವಾಬ್ದಾರಿಗೆ ಬಲಿಯಾಯಿತು. ಬಿಟ್ಟುಗಳ ಕಾಲು ಎರಡು ಅಳತೆಯಲ್ಲಿ ಸಿಗುತ್ತದೆ, 6 ಮಿಮೀ ಮತ್ತು ಕಾಲಂಗುಲ, ಅಂದರೆ 6.35 ಮಿಮೀ. ಕಾಲಂಗುಲದ ಕೊಲೆಟ್ಟಿನಲ್ಲಿ (ಬಿಟ್ಟಿನ ಕಾಲನ್ನು ಹಿಡಿಯುವ ಬಳೆಯಲ್ಲಿ) 6 ಮಿಮೀ ಬಿಟ್ ಇಟ್ಟು ಬಿಗಿದೆ. ಕೈಗೆ ಬಿಗಿಯಾಗಿಯೇ ಇತ್ತು. ಸುರುಳಿ ಅಲಗಿನ ಬಿಟ್ ಮರವನ್ನು ಮೇಲೆ ಎಸೆಯುತ್ತಾ ತನ್ನನ್ನು ಕೆಳಗೆ ಎಳೆದುಕೊಳ್ಳುತ್ತದೆ. ಆರನೆಯ ಗುಳಿಯ ಹೊತ್ತಿಗೆ ಅದು ಜಾರಿ ಹಲಗೆಯನ್ನು ತೂರಿ ಎಂಡಿಎಫ್ ಸೇರಿತ್ತು. ಈಗ ಎರಡು ಅಳತೆಯ ಕೊಲೆಟ್‌ಗಳೂ ಎರಡು ಬಣ್ಣದ ಡಬ್ಬಿಗಳಲ್ಲಿವೆ.

ಹಲಗೆ ಹಿಡಿಯಲು ಕ್ಲ್ಯಾಂಪುಗಳನ್ನು ಬಿಟ್ಟು, ಮೂಲೆಯ ಹೆಚ್ಚುವರಿ ಮರದಲ್ಲಿ ಸ್ಕ್ರೂ ಹೊಡೆಯುತ್ತೇನೆ. ಪುಡಿಗೆ ವ್ಯಾಕ್ಯೂಮ್, ಅದರ ಮುಂದೆ ಪುಡಿಯನ್ನು ಸುಳಿಗಾಳಿಯಲ್ಲಿ ಬೇರ್ಪಡಿಸಿ ಹಿಡಿಯುವ ಸೈಕ್ಲೋನ್ ಬಕೆಟ್. ಮಾಸ್ಕ್ ಹಾಕದೆ ಶೆಡ್ಡಿಗೆ ಹೋಗುವುದಿಲ್ಲ: ಮರದ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿನಲ್ಲಿಟ್ಟಿದೆ.

ಶ್ರೀ ಮುರಿದ ಕತೆ

ಮಣೆಯ ತುದಿಯಲ್ಲಿ ಹೆಸರು ಕೆತ್ತಿಕೊಡಿ ಎಂದು ಕೇಳುವವರು ಬಂದರು. ಕೆತ್ತನೆಯ ತಂತ್ರಾಂಶವೊಂದರಲ್ಲಿ ಶ್ರೀನಿವಾಸ ಎಂದು ಬರೆದರೆ, ಶ ಒಂದು ಕಡೆ, ರಕಾರದ ಒತ್ತು ಇನ್ನೊಂದು ಕಡೆ, ದೀರ್ಘ ಮತ್ತೊಂದು ಕಡೆ ಚೆಲ್ಲಾಪಿಲ್ಲಿಯಾಯಿತು. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುವುದಷ್ಟೇ ಅದಕ್ಕೆ ಗೊತ್ತು, ಒತ್ತಕ್ಷರ ಕಟ್ಟುವುದು ಗೊತ್ತಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಅಕ್ಷರ ಸರಿಯಾಗಿ ಕೂಡಿಕೊಳ್ಳುತ್ತದೆ. ಅಲ್ಲಿ ಬರೆದು, ಅಕ್ಷರವನ್ನು ರೇಖೆಯನ್ನಾಗಿ ಪರಿವರ್ತಿಸಿ, ಆ ರೇಖಾಚಿತ್ರವನ್ನು ಕೆತ್ತನೆಗೆ ಕೊಟ್ಟೆ. ಈಗ ಯಂತ್ರದ ಪಾಲಿಗೆ ಅದು ಬರಿಯ ಬಳ್ಳಿ.

ಕನ್ನಡ ಲಿಪಿ ದುಂಡಗಿರುವುದು ಬಿಟ್ಟಿಗೆ ವರ. ತಿರುಗುವ ಬಿಟ್ಟಿಗೆ ಒಳಮೂಲೆ ಚೂಪಾಗಿ ತೆಗೆಯಲು ಆಗದು. ನಮ್ಮ ಅಕ್ಷರಗಳಲ್ಲಿ ಅಂಥ ಮೂಲೆಗಳೇ ಕಡಿಮೆ. ಆದರೆ ಥ, ಧ, ಠ ಇವುಗಳ ಹೊಟ್ಟೆಯ ಸಣ್ಣ ನಡುಗಡ್ಡೆ, ಅಕ್ಷರ 20 ಮಿಮೀಗಿಂತ ಗಿಡ್ಡವಾದರೆ, ಹಲಸಿನಲ್ಲಿ ಎಳೆಯ ಗುಂಟ ಸಿಡಿದುಹೋಗುತ್ತದೆ. ಧನಂಜಯ ಎಂಬ ಹೆಸರಿನವರಿಗೆ ದೊಡ್ಡ ಅಕ್ಷರವೇ ಗತಿ.

ದುಡ್ಡು

ಚೌಕಟ್ಟು, ವೆಲ್ಡಿಂಗ್ 7,800. ಗ್ಯಾಂಟ್ರಿಯ ಅಲ್ಯೂಮಿನಿಯಂ ಮತ್ತು ಲೇತ್ ಅಂಗಡಿಯ ಕೆಲಸ 11,400. ರೈಲುಗಳು 17,200, ಬಾಲ್ ಸ್ಕ್ರೂ 15,600. ಮೋಟಾರು, ಡ್ರೈವರ್, 36 ವೋಲ್ಟ್ ಪವರ್ ಸಪ್ಲೈ 18,900. ಸ್ಪಿಂಡಲ್ ಮತ್ತು ವಿಎಫ್‌ಡಿ 21,500. ಕಂಟ್ರೋಲರ್, ಸ್ವಿಚ್ಚು, ತಂತಿ, ತುರ್ತು ಗುಂಡಿ 6,300. ನಟ್ಟು ಬೋಲ್ಟು 2,900. ಕೂಡಿದರೆ 1,01,600 ರೂಪಾಯಿ. ಅಂದಾಜು ಒಂದು ಲಕ್ಷ ಎಂದಿದ್ದೆನಲ್ಲ, ಸರಿಯಾಗಿಯೇ ಬಂತು ಎಂದು ಬೀಗಿದೆ.

ಅಂದಾಜಿನಲ್ಲಿ ಇಲ್ಲದವು ಆಮೇಲೆ ಬಂದವು. ಬಿಟ್ಟುಗಳಿಗೆ 9,400. ವ್ಯಾಕ್ಯೂಮ್, ಸೈಕ್ಲೋನ್ 8,600. ಅರ್ತಿಂಗ್, 16 ಆಂಪಿಯರ್ ಸಾಕೆಟ್, ಹೊಸ ವೈರಿಂಗ್ 4,500. ಎಂಡಿಎಫ್ ಮತ್ತು ಹಾಳಾದ ಮರ 5,700. ಇವೇ 28,200. 3018ರಲ್ಲಿ ಕಳೆದುಕೊಂಡ 8,500 ಸೇರಿಸಿ ಒಟ್ಟು 1,38,300. ಐದು ತಿಂಗಳ ಭಾನುವಾರಗಳಿಗೆ ಬೆಲೆ ಕಟ್ಟಿಲ್ಲ.

ಇದನ್ನು ಜಾಬ್ ವರ್ಕಿನ 350 ರೂಪಾಯಿಯಿಂದ ಭಾಗಿಸಿದರೆ 395 ಗಂಟೆ. ಹದಿನಾಲ್ಕು ತಿಂಗಳಲ್ಲಿ ನನ್ನ ಯಂತ್ರ ಓಡಿರುವುದು 210 ಗಂಟೆ. ಅರ್ಧದ ಮೇಲೆ ಸ್ವಲ್ಪ. ಮರಗೆಲಸದಿಂದಲೇ ಬದುಕುವ ಒಬ್ಬರು ಹೋದ ತಿಂಗಳು ಇದನ್ನು ನೋಡಿ, ತಮಗೂ ಹೀಗೆಯೇ ಕಟ್ಟಿಕೊಡಬಹುದೇ ಎಂದು ಕೇಳಿದರು. ಬೇಡ, ಸಿದ್ಧ ಯಂತ್ರವನ್ನೇ ಕೊಳ್ಳಿ ಎಂದೆ. ಅಲಾರಂ ಬಂದ ದಿನ ಅವರಿಗೆ ಫೋನ್ ಎತ್ತುವ ಒಬ್ಬ ಮನುಷ್ಯ ಬೇಕು, ಆ ಮನುಷ್ಯ ನಾನಾಗಲು ತಯಾರಿಲ್ಲ. ಕೊಳ್ಳುವ ಮುಂಚೆ ನಿಮ್ಮದೇ ಬಾಗಿಲ ಹಲಗೆಯನ್ನು ಒಯ್ದು ಮಾರುವವರ ಯಂತ್ರದಲ್ಲಿ ಕೆತ್ತಿಸಿ ಗಡಿಯಾರ ನೋಡಿ, ಹಾಗೆಯೇ ಎರಡು ದಾರ ಜೇಬಿನಲ್ಲಿರಲಿ ಎಂದೂ ಹೇಳಿದೆ.

ಪಕ್ಕದ ಮನೆಯವರೊಂದಿಗೆ ಒಪ್ಪಂದವಾಗಿದೆ: ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಮಾತ್ರ, ಪರೀಕ್ಷೆಯ ದಿನಗಳಲ್ಲಿ ಅದೂ ಇಲ್ಲ. ಒಂದು ಬೆಳಿಗ್ಗೆಗೆ ಒಂದು ಮಣೆ. ಈಗ ಇಪ್ಪತ್ತಮೂರನೆಯದು ಮೇಜಿನ ಮೇಲಿದೆ, ಕರಾವಳಿಯ ಮನೆಯೊಂದಕ್ಕೆ ಹೋಗಬೇಕು. ಅವರು ಅದನ್ನು ಚೆನ್ನೆಮಣೆ ಎನ್ನುತ್ತಾರೆ, ಗುಳಿ ಇನ್ನೂ 2 ಮಿಮೀ ಆಳ ಬೇಕಂತೆ.